ತೊಗರಿ ನಾಡಿನ ಬೆನ್ನಿಗೇ ಇಂಥಾ ಕಾಡು!

ಕಾಡು ನೋಡಬೇಕಂದ್ರೆ ದಾಂಡೇಲಿಗೇ ಹೋಗಬೇಕು, ಕೊಡಗಿಗೇ ಹೋಗಬೇಕು ಅಂತ ಮುಡಬಿಯ ಕಟ್ಟೆಯ ಮೇಲೆ ಕೂತು ಹೇಳುವ ನಮ್ಮ ಮಂದಿ ಒಮ್ಮೆ ಹುಮನಾಬಾದ್ ದಾಟಿ ಚಿಂಚೋಳಿಗೆ ಹೋಗಲಿ, ಅಲ್ಲಿಂದ ಕುಂಚಾವರಂ ದಾರಿ ಹಿಡಿಯಲಿ. ತೊಗರಿ ಹೊಲ, ಜೋಳದ ಹೊಲ, ಮತ್ತೆ ತೊಗರಿ ಹೊಲ. ಲೋಕ ಇಷ್ಟೇ ಅಂದುಕೊಳ್ಳುವಷ್ಟರಲ್ಲಿ ಗುಡ್ಡಗಳು ಏಳುತ್ತವೆ, ರಸ್ತೆಯ ಎರಡೂ ಬದಿಗೆ ಮರ, ಮರ, ಮರ! ಇದನ್ನು ನಮ್ಮ ಭಾಗದ ಮಲೆನಾಡು ಅಂತ ಕರೆಯುವುದು ಸುಮ್ಮನೆ ಅಲ್ಲ ನೋಡ್ರಿ.

2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ ಇದು. ಸುಮಾರು 135 ಚದರ ಕಿಲೋಮೀಟರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಹೆಸರು ಬೇರೆ. ಅಂಚಿಗೆ ತೆಲಂಗಾಣ, ಒಳಗೆ ಲಂಬಾಣಿ ತಾಂಡಾಗಳು, ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯ.

ಬೇಸಿಗೆಯಲ್ಲಿ ನೋಡಿದವರು ಕಾಡು ಸತ್ತೇ ಹೋಯಿತು ಅಂತ ಮರುಗಬಹುದು. ಸತ್ತಿಲ್ಲ! ನೀರು ಉಳಿಸಿಕೊಳ್ಳಲೆಂದೇ ಮರಗಳು ಎಲೆ ಕಳಚಿ ನಿಂತಿರುತ್ತವೆ. ಮಳೆ ಬಿದ್ದದ್ದೇ ತಡ, ಸಾಗುವಾನಿಯ ಮೈತುಂಬ ಮೊರದಗಲದ ಎಲೆ. ದಾರಿಗೆ ಬಿದ್ದಿದ್ದ ಎಳೆಯ ಎಲೆಯೊಂದನ್ನು ಅಂಗೈಯಲ್ಲಿ ತಿಕ್ಕಿದೆ. ಎಲೆ ಹಸಿರು, ಕೈಯೆಲ್ಲ ಕೆಂಪು! ಇನ್ನು ರಕ್ತಚಂದನ? ಅದರ ತವರು ದೂರದ ಶೇಷಾಚಲಂ ಬೆಟ್ಟಗಳು. ಅದು ಇಲ್ಲೂ ಇದೆ, ಶ್ರೀಗಂಧದ ಜತೆಗೆ. ತೊಗಟೆ ಕಪ್ಪಗೆ, ಚೌಕ ಚೌಕವಾಗಿ ಬಿರುಕು ಬಿಟ್ಟಿರುತ್ತದೆ. ಒಳಗಿನ ಕೆಂಪಿನ ಸುಳಿವನ್ನೇ ಕೊಡುವುದಿಲ್ಲ, ಭಲೇ ಮರ!

ಕಾಲುದಾರಿಯಲ್ಲಿ ಸುಣ್ಣದಷ್ಟು ಬೆಳ್ಳಗಿನ ಮಲ ಕಂಡರೆ ಮೂಗು ಮುಚ್ಚಿಕೊಂಡು ಓಡಬೇಡಿ, ಬಗ್ಗಿ ನೋಡಿ. ಕತ್ತೆಕಿರುಬದ್ದಾಗಿರಬಹುದು. ಬೇರೆಯವರು ತಿಂದು ಬಿಟ್ಟ ಮೂಳೆಯನ್ನೂ ಕಡಿದು ಅರಗಿಸಿಕೊಳ್ಳುವ ಪ್ರಾಣಿ ಅದು. ಮೂಳೆಯ ಸುಣ್ಣವೇ ಹಾಗೆ ಬೆಳ್ಳಗೆ ಹೊರಬೀಳುತ್ತದೆ. ತೋಳ ಇದೆ, ನರಿ ಇದೆ, ಚಿಗರಿ ಇದೆ. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಕೊಂಡುಕುರಿ. ಅದರ ಗಂಡಿಗೆ ಕೊಂಬು ನಾಲ್ಕು! ಎರಡು ಕಿವಿಯ ಬಳಿ, ಇನ್ನೆರಡು ಗಿಡ್ಡಗೆ ಹಣೆಯ ಮೇಲೆ. ಲೋಕದ ಯಾವ ಕಾಡುಪ್ರಾಣಿಗೂ ಇಲ್ಲದ ಈ ಸೊಗಸು ಇರುವುದು ನಮ್ಮ ಭಾರತ, ನೇಪಾಳಗಳಲ್ಲಿ ಮಾತ್ರ. ಸಿಂಹ ನೋಡಲು ಆಫ್ರಿಕಾಕ್ಕೆ ಹೋಗುವವರಿಗೆ ಯಾರಾದರೂ ಇದನ್ನು ಹೇಳಬಾರದೇ?

ಮಳೆಗಾಲವಾದರೆ ಎತ್ತಿಪೋತ ಜಲಪಾತವನ್ನು ತಪ್ಪಿಸಬೇಡಿ. ಬಂಡೆಗಳು ಜಾರುತ್ತವೆ, ಹುಷಾರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡೇ ಹೊರಡಿ. ಕಾಡೊಳಗೆ ಖಾನಾವಳಿ ಹುಡುಕಬೇಡಿ.