ಮನೆಯಂಗಳದ ಕೈತೋಟಕ್ಕೆ ಹೊದಿಕೆ: ಕ್ರಮ, ಅಳತೆ ಮತ್ತು ಎಚ್ಚರಿಕೆ



ಬೇಸಿಗೆಯ ತಿಂಗಳುಗಳಲ್ಲಿ ನಡೆಯುವ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರಿನ ವಿಷಯ ಬಂದಾಗಲೆಲ್ಲ ಒಂದು ದೂರು ತಪ್ಪದೆ ಕೇಳಿಬರುತ್ತದೆ: ಮೇಲಿನ ಬೀದಿಯವರು ನಲ್ಲಿ ನೀರನ್ನು ಗಿಡಗಳಿಗೆ ಬಿಟ್ಟುಕೊಳ್ಳುತ್ತಾರೆ, ಕೆಳಗಿನ ಬೀದಿಯವರ ಬಿಂದಿಗೆ ತುಂಬುವುದಿಲ್ಲ. ಅದೇ ಸಭೆಯಲ್ಲಿ, ಕೆಲವೊಮ್ಮೆ ಮುಂದಿನ ವಿಷಯವಾಗಿಯೇ, ಪ್ರತಿ ಮನೆಗೂ ಅಂಗನವಾಡಿಗೂ ಪೌಷ್ಟಿಕ ಕೈತೋಟ ಇರಬೇಕೆಂದು ನಾವೇ ನಿರ್ಣಯ ಕೈಗೊಳ್ಳುತ್ತೇವೆ. ಎರಡೂ ನ್ಯಾಯವಾದವುಗಳೇ. ಇವೆರಡನ್ನೂ ಒಟ್ಟಿಗೆ ನಡೆಸಬೇಕಾದರೆ ಗಿಡದ ಬುಡದ ಮಣ್ಣನ್ನು ಬರಿದಾಗಿ ಬಿಡದೆ ತರಗೆಲೆ, ಕಡ್ಡಿ, ನಾರುಗಳಿಂದ ಮುಚ್ಚುವ ಪದ್ಧತಿಯನ್ನು ಸರಿಯಾಗಿ ತಿಳಿದಿರುವುದು ಅವಶ್ಯ. ಇದನ್ನು ಮಲ್ಚಿಂಗ್ ಎಂದೂ, ನಮ್ಮ ರೈತರು ಹೊದಿಕೆ ಅಥವಾ ಮುಚ್ಚಿಗೆ ಎಂದೂ ಕರೆಯುತ್ತಾರೆ.

ಮೊದಲು ಒಂದು ಸಣ್ಣ ಲೆಕ್ಕ. 1 ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಆಗತಾನೆ ನೀರುಂಡ ತೆರೆದ ನೆಲದಿಂದ ದಿನಕ್ಕೆ 5 ಮಿ.ಮೀ. ಆವಿಯಾಗುತ್ತದೆ ಎಂದು ಹಿಡಿದರೂ, 20 ಚದರ ಮೀಟರಿನ ಕೈತೋಟದಿಂದ ದಿನಕ್ಕೆ 100 ಲೀಟರ್ ನೀರು ಗಾಳಿಗೆ ಹೋಗುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ನಾವು ಒಬ್ಬರಿಗೆ ಕೊಡಬೇಕಾದ ನೀರು ದಿನಕ್ಕೆ 55 ಲೀಟರ್. ಅಂದರೆ ಹೆಚ್ಚು ಕಡಿಮೆ ಇಬ್ಬರ ಪಾಲಿನ ನೀರು ಗಿಡಕ್ಕೂ ಸಿಗದೆ, ಮನೆಗೂ ಸಿಗದೆ ಹೋಯಿತು. ಮೇಲ್ಮಣ್ಣು ಒಣಗಿದ ಮೇಲೆ ಆವಿಯಾಗುವ ವೇಗ ತಾನಾಗಿಯೇ ತಗ್ಗುತ್ತದೆ ಎಂಬುದು ನಿಜ. ಆದರೆ ಪ್ರತಿ ಸಂಜೆ ಪೈಪು ಹಿಡಿದು ಮೇಲೆ ಮೇಲೆ ನೀರು ಚಿಮುಕಿಸುವವರು ಆ ಮೇಲ್ಪದರವನ್ನೇ ದಿನವೂ ಒದ್ದೆ ಮಾಡುತ್ತಾರೆ; ಬೇರಿಗೆ ಇಳಿಯುವ ಮುನ್ನವೇ ಅದು ಮರುದಿನದ ಬಿಸಿಲಿಗೆ ಹೋಗುತ್ತದೆ. ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ವರ್ಗದಲ್ಲಿವೆ ಎಂಬುದನ್ನು ಸದಸ್ಯರಿಗೆ ನೆನಪಿಸಬೇಕಾಗಿಲ್ಲ; ಕೊಳವೆಬಾವಿಗಳ ಆಳವೇ ಅದನ್ನು ಹೇಳುತ್ತದೆ.

ಹೊದಿಕೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹಲವು ಹೆಚ್ಚು ಮಳೆಯ, ಮರಳು ನೆಲದ ಸೆಕೆಯ ಪ್ರದೇಶಗಳಿಗೆ ಹೊಂದುವಂಥವು. ನಮ್ಮ ರಾಜ್ಯದಲ್ಲಿ ಅಂಥ ಪ್ರದೇಶವೆಂದರೆ ಕರಾವಳಿ. ಅಲ್ಲಿ ಮಳೆ ಪೋಷಕಾಂಶಗಳನ್ನು ತೊಳೆದುಕೊಂಡು ಹೋಗುವುದೇ ದೊಡ್ಡ ಸಮಸ್ಯೆ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟಗಳಿಂದ ಸೊಪ್ಪು, ದರಗು ತಂದು ತೋಟಕ್ಕೆ ಹೊದಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ನಮ್ಮದು ಪೂರ್ವ ಒಣ ವಲಯ. ವರ್ಷಕ್ಕೆ ಸರಾಸರಿ 800 ಮಿ.ಮೀ. ಆಸುಪಾಸಿನ ಮಳೆ, ಅದೂ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ ರಭಸವಾಗಿ ಸುರಿಯುವಂಥದ್ದು. ಮಣ್ಣು ಬಹುತೇಕ ಮರಳು ಮಿಶ್ರಿತ ಕೆಂಪು ಮಣ್ಣು. ಇದು ನೀರನ್ನು ಹಿಡಿದಿಡುವುದಿಲ್ಲ ಎಂಬುದು ಒಂದು ದೋಷ. ಇನ್ನೊಂದು ದೋಷವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ: ದಪ್ಪ ಹನಿಗಳು ಬರಿಯ ಕೆಂಪು ಮಣ್ಣಿಗೆ ಬಡಿದಾಗ ಮೇಲ್ಪದರದ ಸಣ್ಣ ಕಣಗಳು ಒಡೆದು ರಂಧ್ರಗಳನ್ನು ಮುಚ್ಚುತ್ತವೆ, ಒಣಗಿದ ಮೇಲೆ ಗಟ್ಟಿ ಹೆಕ್ಕಳೆ ಕಟ್ಟುತ್ತದೆ. ಮುಂದಿನ ಮಳೆ ಒಳಗಿಳಿಯದೆ ಚರಂಡಿಗೆ ಹರಿಯುತ್ತದೆ, ಬಿತ್ತಿದ ದಂಟಿನ ಬೀಜ ಮೊಳಕೆ ಮೇಲೆತ್ತಲಾರದೆ ಸಾಯುತ್ತದೆ. ಹೊದಿಕೆ ಹನಿಯ ಪೆಟ್ಟನ್ನು ತಾನು ತಡೆದುಕೊಂಡು ನೀರನ್ನು ನಿಧಾನವಾಗಿ ಕೆಳಗೆ ಬಿಡುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಬಿಸಿಲನ್ನು ತಡೆಯುವಷ್ಟೇ ಮುಖ್ಯವಾದ ಕೆಲಸ ಇದು ಎಂದು ನನ್ನ ಅಭಿಪ್ರಾಯ. ಕಳೆ ತಗ್ಗುವುದು, ಬೇರಿನ ಸುತ್ತಲ ಮಣ್ಣು ತಂಪಾಗಿರುವುದು, ಎರೆಹುಳು ಮೇಲೆ ಬರುವುದು ಇವೆಲ್ಲ ಜೊತೆಗೆ ಬರುವ ಲಾಭಗಳು.

ಯಾವುದನ್ನು ಹೊದಿಸಬೇಕು?

ರಾಗಿ ಹುಲ್ಲನ್ನು ಗಿಡದ ಬುಡಕ್ಕೆ ಹಾಕಿರೆಂದು ನಾನು ಯಾರಿಗೂ ಹೇಳಲಾರೆ. ಹಾಲಿನ ಡೈರಿಯ ಬಟವಾಡೆಯನ್ನೇ ನಂಬಿ ಬದುಕುವ ಮನೆಗಳಲ್ಲಿ ಅದು ದನದ ಮೇವು. ದನ ತಿಂದು ಬಿಟ್ಟ, ಕೊಟ್ಟಿಗೆಯಲ್ಲಿ ತುಳಿದು ಕೆಟ್ಟ ಹುಲ್ಲಾದರೆ ಅಡ್ಡಿಯಿಲ್ಲ.

ನಮಗೆ ಹೇರಳವಾಗಿ ಸಿಗುವುದು ಹೊಂಗೆಯ ಎಲೆ. ಯುಗಾದಿಗೆ ಮುನ್ನ ಹೊಂಗೆ ಎಲೆ ಉದುರಿಸಿ ಚಿಗುರುತ್ತದೆ. ಬಿಸಿಲು ಏರುವುದೂ ಅದೇ ಹೊತ್ತಿಗೆ. ಇದಕ್ಕಿಂತ ಅನುಕೂಲ ಬೇರೆ ಬೇಕೆ? ಆದರೆ ಆ ಎಲೆಯನ್ನು ನಾವು ಮಾಡುವುದೇನು? ಶಾಲೆಯ ಆವರಣದಲ್ಲಿ, ರಸ್ತೆ ಬದಿಯಲ್ಲಿ ಗುಡ್ಡೆ ಮಾಡಿ ಬೆಂಕಿ ಇಡುತ್ತೇವೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿಯೇ ನಿಷೇಧಿಸಿ ದಂಡವನ್ನೂ ಗೊತ್ತುಪಡಿಸಿದೆ. ಬೇವು, ಮಾವು, ಹಲಸಿನ ಎಲೆಗಳೂ ಆಗುತ್ತವೆ. ಮಾವು, ಹಲಸಿನಂತಹ ದಪ್ಪ ಎಲೆಗಳನ್ನು ತುಸು ಪುಡಿ ಮಾಡಿ ಹಾಕಿದರೆ ಒಂದರ ಮೇಲೊಂದು ಅಂಟಿ ನೀರನ್ನು ತಡೆಯುವುದಿಲ್ಲ. ಅವರೆ, ತೊಗರಿ, ಹುರುಳಿಯ ಒಕ್ಕಣೆಯ ನಂತರ ಉಳಿಯುವ ಕಡ್ಡಿ, ಮುಸುಕಿನ ಜೋಳದ ದಂಟು ಉತ್ತಮ. ವಿಜಯಪುರದ ಸುತ್ತಮುತ್ತ ರೇಷ್ಮೆ ಸಾಕುವವರಲ್ಲಿ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಸಿಗುತ್ತದೆ; ಆದರೆ ಹುಳುವಿನ ಹಿಕ್ಕೆ, ಸುಣ್ಣ, ಬ್ಲೀಚಿಂಗ್ ಪುಡಿ ಬೆರೆತ ಕಸವನ್ನು ನೇರವಾಗಿ ಬಳಸದೆ ಮೊದಲು ಗೊಬ್ಬರ ಗುಂಡಿಗೆ ಹಾಕಬೇಕು. ಹೆದ್ದಾರಿಯ ಬದಿಯ ಎಳನೀರಿನ ಬುರುಡೆಗಳನ್ನು ಸೀಳಿ, ಬೆನ್ನು ಮೇಲಾಗಿ ಕವುಚಿ ಜೋಡಿಸಬೇಕು. ಬಾಯಿ ಮೇಲಾಗಿಟ್ಟರೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಡೆಂಗಿ ಜ್ವರದ ಮೂಲವನ್ನು ನಾವೇ ತಂದಿಟ್ಟಂತಾಗುತ್ತದೆ.

ಬೇಡವಾದವುಗಳನ್ನೂ ಹೇಳಬೇಕು. ಹೊಸಕೋಟೆ, ದೇವನಹಳ್ಳಿ ಕಡೆಯ ಹಳೆಯ ನೀಲಗಿರಿ ತೋಪುಗಳ ಹಸಿ ಎಲೆ ಎಳೆಯ ಸಸಿಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ದ್ರಾಕ್ಷಿ, ಗುಲಾಬಿ ತೋಟಗಳಲ್ಲಿ ಸವರಿದ ಕಡ್ಡಿಗಳ ಮೇಲೆ ಸಿಂಪಡಣೆಯ ಔಷಧಿ ಉಳಿದಿರುವುದರಿಂದ ಅವು ತಿನ್ನುವ ಸೊಪ್ಪಿನ ಮಡಿಗೆ ಸಲ್ಲವು. ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮುನ್ನ ಕಿತ್ತರೆ ಮಾತ್ರ ಬಳಸಬಹುದು, ಅದೂ ಕೈಗವಸು ತೊಟ್ಟು. ಕೊಳಚೆ ಸೇರುವ ಕೆರೆಗಳಿಂದ ತೆಗೆದ ಅಂತರಗಂಗೆಯು ನೀರಿನಲ್ಲಿರುವ ಭಾರಲೋಹಗಳನ್ನು ಹೀರಿಕೊಂಡಿರುತ್ತದೆಯಾದ್ದರಿಂದ ತರಕಾರಿಗೆ ಬೇಡವೇ ಬೇಡ. ದೊಡ್ಡಬಳ್ಳಾಪುರದ ಮಗ್ಗಗಳ ನೂಲಿನ ಚೂರನ್ನು ಕೆಲವರು ಕೇಳುತ್ತಾರೆ. ಅದರಲ್ಲಿ ಪಾಲಿಯೆಸ್ಟರ್ ಎಳೆಗಳು ಬೆರೆತಿರಬಹುದು, ಅವು ಮಣ್ಣಿನಲ್ಲಿ ಕರಗುವುದಿಲ್ಲ.

ಹೊದಿಸುವ ಕ್ರಮ

ಮೊದಲು ಕಳೆ ತೆಗೆದು, ಮಣ್ಣನ್ನು ಹಗುರವಾಗಿ ಕೆದಕಿ ಹೆಕ್ಕಳೆ ಒಡೆದು, ಒಂದು ಗೇಣಿನ ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ಒಣ ಮಣ್ಣಿನ ಮೇಲೆ ಒಣ ಹೊದಿಕೆ ಹಾಕಿದರೆ ನಾಲ್ಕು ಹನಿಯ ಮಳೆಯನ್ನೆಲ್ಲ ಹೊದಿಕೆಯೇ ಕುಡಿದು ಕೆಳಗಿನ ಮಣ್ಣು ಒಣಗಿಯೇ ಉಳಿಯುತ್ತದೆ. ಆದ್ದರಿಂದ ಒಳ್ಳೆಯ ಮಳೆಯ ಮರುದಿನವೇ ಹೊದಿಸಲು ಸೂಕ್ತ ದಿನ.

ದಪ್ಪ: ಇಳಿದು ಕೂತ ಮೇಲೆ 2ರಿಂದ 3 ಅಂಗುಲ. ತರಗೆಲೆಯಾದರೆ ಹಾಕುವಾಗ 4–5 ಅಂಗುಲ ಇರಬೇಕು. ಪುಡಿಯಂತಹ ವಸ್ತುವಾದರೆ 1–2 ಅಂಗುಲ ಸಾಕು. ಹೆಚ್ಚಿದಷ್ಟೂ ಒಳ್ಳೆಯದೆಂಬುದು ತಪ್ಪು ಕಲ್ಪನೆ. ಪ್ರಮಾಣದ ಅಂದಾಜಿಗೆ ಸಿವಿಲ್ ಕೆಲಸದ ಒಂದು ಅಳತೆ ನೆರವಾಗುತ್ತದೆ: ಒಂದು ಚೀಲ ಸಿಮೆಂಟಿನ ಗಾತ್ರ 35 ಲೀಟರ್. 1 ಚದರ ಮೀಟರಿಗೆ 3 ಅಂಗುಲ ಹೊದಿಕೆ ಎಂದರೆ ಸುಮಾರು 75 ಲೀಟರ್, ಅಂದರೆ ಎರಡು ಚೀಲಕ್ಕಿಂತ ತುಸು ಹೆಚ್ಚು. ಎಲೆ ಕುಸಿಯುವುದನ್ನು ಲೆಕ್ಕಕ್ಕೆ ಹಿಡಿದು ನಾಲ್ಕು ಚೀಲ ಎಂದಿಟ್ಟುಕೊಂಡರೆ 20 ಚದರ ಮೀಟರಿಗೆ 80 ಚೀಲ ಬೇಕು. ಇದು ಒಂದು ಮನೆಯ ಅಂಗಳದಲ್ಲಿ ಸಿಗುವ ಎಲೆಯಲ್ಲ. ಪಂಚಾಯಿತಿ ಕೈಜೋಡಿಸಬೇಕಾದದ್ದು ಇಲ್ಲಿಯೇ.

ಗಿಡದ ಕಾಂಡಕ್ಕೂ ಹೊದಿಕೆಗೂ ನಡುವೆ ತರಕಾರಿ ಗಿಡಗಳಿಗೆ 3–4 ಅಂಗುಲ, ಪರಂಗಿ, ನಿಂಬೆ, ನುಗ್ಗೆಯಂಥವಕ್ಕೆ ಒಂದು ಗೇಣಿನಷ್ಟು ತೆರವು ಬಿಡಲೇಬೇಕು. ದಂಟು, ಮೆಂತ್ಯ, ಕೊತ್ತಂಬರಿಯಂತಹ ಬೀಜ ಚೆಲ್ಲುವ ಸೊಪ್ಪುಗಳಿಗೆ ಸಸಿ ನಾಲ್ಕು ಬೆರಳು ಎತ್ತರವಾದ ಮೇಲೆ, ಸಾಲಿನ ನಡುವೆ ಮಾತ್ರ ಹೊದಿಸಬೇಕು. ದೇವನಹಳ್ಳಿ ಕಡೆಯ ಹೊಸ ಬಡಾವಣೆಗಳಲ್ಲಿ ಮರದ ಬುಡಕ್ಕೆ ಮರದ ಚೂರುಗಳನ್ನು ಹುತ್ತದಂತೆ ಪೇರಿಸುವುದನ್ನು ಕಾಣುತ್ತೇವೆ. ನೋಟಕ್ಕೆ ಚೆನ್ನಾಗಿರುತ್ತದೆ, ಮರಕ್ಕೆ ಒಳ್ಳೆಯದಲ್ಲ.

ಈ ತೆರವಿನ ವಿಷಯವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಅಂಗನವಾಡಿಯೊಂದರ ತೋಟಕ್ಕೆ ಉಚಿತವಾಗಿ ದೊರೆತ ಒಂದು ಟ್ರ್ಯಾಕ್ಟರ್ ತೆಂಗಿನ ನಾರಿನ ಪುಡಿಯನ್ನು ಉತ್ಸಾಹದಿಂದ ತರಿಸಿದೆ. ಅರ್ಧವನ್ನು ಮಣ್ಣಿಗೆ ಬೆರೆಸಿ ಅಗೆಸಿದೆ, ಉಳಿದದ್ದನ್ನು ಪರಂಗಿ ಗಿಡಗಳ ಬುಡಕ್ಕೆ ಏರಿಸಿದೆ. ಮೂರು ವಾರಗಳಲ್ಲಿ ಸೊಪ್ಪೆಲ್ಲ ಹಳದಿಯಾಯಿತು. ಕೊಳೆಯದ ನಾರಿನ ಪುಡಿಯಲ್ಲಿ ಇಂಗಾಲವು ಸಾರಜನಕದ 100 ಪಟ್ಟಿಗೂ ಹೆಚ್ಚು. ಅದನ್ನು ಮಣ್ಣಿಗೆ ಬೆರೆಸಿದಾಗ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ತಿಂದುಬಿಡುತ್ತವೆ, ಗಿಡಕ್ಕೆ ಉಳಿಸುವುದಿಲ್ಲ. ಮೇಲೆ ಹೊದಿಸಿದ್ದರೆ ಇಷ್ಟು ತೊಂದರೆಯಾಗುತ್ತಿರಲಿಲ್ಲ. ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಪರಂಗಿಯ ಬುಡ ಕೊಳೆತು ಗಿಡಗಳು ಒಂದೊಂದಾಗಿ ಮಲಗಿದವು. ಅಂಗನವಾಡಿ ಕಾರ್ಯಕರ್ತೆಯವರು ಹೇಳಿದ ಮಾತು ಇಂದಿಗೂ ನೆನಪಿದೆ: "ಸಾರ್, ಹೊದಿಕೆ ಹೊದಿಸಿ ಅಂದ್ರಿ, ಉಸಿರು ಕಟ್ಟೋ ಹಾಗೆ ಹೊದಿಸ್ಬಿಟ್ವಲ್ಲ." ಮಕ್ಕಳ ತಟ್ಟೆಗೆ ಬರಬೇಕಾಗಿದ್ದ ಹಣ್ಣು ಆ ವರ್ಷ ಬರಲಿಲ್ಲ. ಹೊದಿಸಿದ ವಸ್ತುವನ್ನು ಮಣ್ಣಿಗೆ ಬೆರೆಸಬಾರದು, ಕಾಂಡಕ್ಕೆ ತಾಗಿಸಬಾರದು, ಜಡಿಮಳೆಯ ತಿಂಗಳುಗಳಲ್ಲಿ ಪದರವನ್ನು ತೆಳುಗೊಳಿಸಬೇಕು. ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಮತ್ತೆ ತುಂಬಿಸಬಹುದು.

ಬಚ್ಚಲು ನೀರು ಮತ್ತು ಹೊದಿಕೆ

ಬಾಳೆ, ಕೆಸು, ಕನಕಾಂಬರಗಳಿಗೆ ಬಚ್ಚಲು ನೀರು ಬಿಡುವ ವಾಡಿಕೆ ನಮ್ಮಲ್ಲಿ ಹಳೆಯದು. ಅದು ಬಯಲಿನಲ್ಲಿ ನಿಂತರೆ ಸೊಳ್ಳೆ, ವಾಸನೆ, ನೆರೆಯವರ ಜಗಳ. ಬಾಳೆಯ ಸುತ್ತ ಒಂದು ಅಡಿ ಆಳದ ಪಾತಿ ತೋಡಿ, ಅದನ್ನು ಒರಟು ಕಡ್ಡಿ, ತೆಂಗಿನ ಸಿಪ್ಪೆಗಳಿಂದ ತುಂಬಿ, ನೀರು ಹೊದಿಕೆಯ ಅಡಿಯಲ್ಲೇ ಹರಿದು ಇಂಗುವಂತೆ ಮಾಡಿದರೆ ಸೊಳ್ಳೆಗೆ ತೆರೆದ ನೀರು ಸಿಗುವುದಿಲ್ಲ. ಬಚ್ಚಲು ಗುಂಡಿಗೆ ಸ್ಥಳವಿಲ್ಲದ ಮನೆಗಳಿಗೆ ಇದನ್ನು ಸೂಚಿಸಬಹುದು. ಆದರೆ ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಮಡಿಗಳಿಗೆ ಈ ನೀರು ಬೇಡ. ಶೌಚಾಲಯದ ನೀರಂತೂ ಯಾವುದಕ್ಕೂ ಕೂಡದು.

ಜನರು ಕೇಳುವ ಪ್ರಶ್ನೆಗಳು

ಗೆದ್ದಲು ಬರುವುದಿಲ್ಲವೇ ಎಂಬುದು ಮೊದಲ ಪ್ರಶ್ನೆ. ಬರುತ್ತದೆ, ಕೆಂಪು ಮಣ್ಣಿನಲ್ಲಿ ಒಣ ಕಡ್ಡಿ ಬಿದ್ದಲ್ಲಿ ಗೆದ್ದಲು ಬರದಿರುವುದೇ ಅಪರೂಪ. ಅದು ಮುಖ್ಯವಾಗಿ ತಿನ್ನುವುದು ಒಣಗಿದ್ದನ್ನು. ಆದರೆ ಮನೆಯ ಗೋಡೆ, ಬಾಗಿಲು ಚೌಕಟ್ಟುಗಳಿಂದ ಕನಿಷ್ಠ 2 ಅಡಿ ದೂರದವರೆಗೆ ಹೊದಿಕೆ ಹಾಕಬಾರದು, ಮರದ ಚೂರಿಗಿಂತ ಎಲೆಗೆ ಆದ್ಯತೆ ಕೊಡಬೇಕು. ಹಾವು, ಚೇಳಿನ ಭಯವೂ ಸಕಾರಣವಾದುದೇ. ಮಕ್ಕಳು ಓಡಾಡುವ ದಾರಿ ತೆರವಾಗಿರಲಿ, ದಪ್ಪ 3 ಅಂಗುಲ ಮೀರದಿರಲಿ, ಬರಿಗೈಯಲ್ಲಿ ಹೊದಿಕೆ ಕೆದಕುವುದು ಬೇಡ. ಮಳೆಗಾಲದಲ್ಲಿ ಆಫ್ರಿಕಾದ ದೊಡ್ಡ ಬಸವನಹುಳು ಅಡಗುವುದುಂಟು. ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಿಗ್ಗೆ ಅದರ ಅಡಿಯಲ್ಲಿ ಸೇರಿರುತ್ತವೆ, ಕೈಗವಸು ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕಬೇಕು.

ಪ್ಲಾಸ್ಟಿಕ್ ಹಾಳೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಟೊಮೆಟೊ, ದಪ್ಪ ಮೆಣಸಿನಕಾಯಿಯ ಹೊಲಗಳಲ್ಲಿ ಹನಿ ನೀರಾವರಿಯೊಂದಿಗೆ ಅದು ಉಪಯುಕ್ತವೇ. ತೋಟಗಾರಿಕೆ ಇಲಾಖೆಯಿಂದ ಸಹಾಯಧನವೂ ಇದೆ. ಕೈತೋಟಕ್ಕೆ ಅದು ತಕ್ಕದ್ದಲ್ಲ. ಆ ತೆಳು ಹಾಳೆ ಹರಿದು ಚೂರಾದ ಮೇಲೆ ಯಾರೂ ಆರಿಸುವುದಿಲ್ಲ, ಮಣ್ಣಿಗೆ ಏನನ್ನೂ ಸೇರಿಸುವುದೂ ಇಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ನಮ್ಮ ವ್ಯಾಪ್ತಿಯ ಪ್ಲಾಸ್ಟಿಕ್ ತ್ಯಾಜ್ಯದ ಹೊಣೆ ಗ್ರಾಮ ಪಂಚಾಯಿತಿಯದೇ.

ಪಂಚಾಯಿತಿಯ ಪಾತ್ರ

ನಂಬಿಕೆ ಬರಲು ಒಂದು ಪರೀಕ್ಷೆ ಸಾಕು. ಎರಡು ಒಂದೇ ಅಳತೆಯ ಬಕೆಟ್‌ಗಳ ತಳಕ್ಕೆ ತೂತು ಹಾಕಿ, ಒಂದೇ ಮಣ್ಣು ತುಂಬಿ, ತಳದಿಂದ ಸೋರುವವರೆಗೆ ನೀರು ಹಾಕಬೇಕು. ಸೋರುವುದು ನಿಂತ ಮೇಲೆ ಒಂದಕ್ಕೆ ಎಲೆ ಹೊದಿಸಿ, ಎರಡನ್ನೂ ಕೊಕ್ಕೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟು ಬಿಸಿಲಿನಲ್ಲಿಡಬೇಕು. ಮೂರು ದಿನ ಬಿಟ್ಟು ಮತ್ತೆ ತೂಗಿದರೆ ಕಡಿಮೆಯಾದ ಪ್ರತಿ ಕಿಲೋ ಒಂದು ಲೀಟರ್ ನೀರು. ವಾರ್ಡ್ ಸಭೆಯ ಮುಂದೆ ಈ ಎರಡು ಬಕೆಟ್‌ಗಳನ್ನು ತೂಗಿ ತೋರಿಸುವುದು ಒಂದು ಗಂಟೆಯ ಭಾಷಣಕ್ಕಿಂತ ಮೇಲು.

ಎಲೆಯ ಸಂಗ್ರಹಕ್ಕೆ ಹೊಸ ಅನುದಾನ ಬೇಕಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಶಾಲೆ, ದೇವಸ್ಥಾನ, ರಸ್ತೆ ಬದಿಯ ತರಗೆಲೆಯನ್ನು ಚೀಲಗಳಲ್ಲಿ ತುಂಬಿಡಲು ತಿಳಿಸಿ, ಸ್ವಚ್ಛವಾಹಿನಿ ಹಿಂದಿರುಗುವಾಗ ಸ್ವಚ್ಛ ಸಂಕೀರ್ಣಕ್ಕೆ ತಂದು ಒಂದು ಮೂಲೆಯಲ್ಲಿ ಒಣ ಕಸದಿಂದ ಬೇರೆಯಾಗಿ ಇಡಿಸಿದರೆ ಆಯಿತು. ಬೆಂಕಿಯ ಅಪಾಯವಿರುವುದರಿಂದ ಆ ಮೂಲೆಯ ಬಳಿ ನೀರಿನ ವ್ಯವಸ್ಥೆ ಇರಲಿ. ಬಡಾವಣೆಗಳ ನಿವಾಸಿಗಳ ಸಂಘಗಳು ಎಲೆಯನ್ನು ಕಸವೆಂದು ಹೊರಹಾಕಲು ಕಾದಿರುತ್ತವೆ. ಅವರಿಗೊಂದು ಪತ್ರ ಬರೆದರೆ ಸಾಕು. ಆಸಕ್ತಿಯುಳ್ಳ ಸ್ವಸಹಾಯ ಸಂಘವಿದ್ದರೆ ಎಲೆ ಪುಡಿ ಮಾಡಿ, ಹೊದಿಸಿಕೊಡುವ ಕೆಲಸವನ್ನೇ ಬಡಾವಣೆಗಳಲ್ಲಿ ಕೂಲಿಗೆ ಮಾಡಬಹುದು. ತಾಂತ್ರಿಕ ಸಂದೇಹಗಳಿಗೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡೂ ನಮಗೆ ಹತ್ತಿರದಲ್ಲಿವೆ.

ಮೊದಲ ವರ್ಷ ಎಲ್ಲ ಮನೆಗಳನ್ನೂ ಹಿಡಿಯುವ ಪ್ರಯತ್ನ ಬೇಡ. ಪ್ರತಿ ಸದಸ್ಯರು ತಮ್ಮ ವಾರ್ಡಿನ ಒಂದು ಅಂಗನವಾಡಿ ಅಥವಾ ಶಾಲೆಯ ತೋಟವನ್ನು ಆರಿಸಿಕೊಂಡು, ಅರ್ಧಕ್ಕೆ ಹೊದಿಸಿ ಅರ್ಧವನ್ನು ಬರಿದಾಗಿ ಬಿಟ್ಟು, ಎರಡಕ್ಕೂ ಹಾಕಿದ ಬಿಂದಿಗೆಗಳ ಲೆಕ್ಕವನ್ನು ಕಾರ್ಯಕರ್ತೆ ಅಥವಾ ಶಿಕ್ಷಕರ ನೆರವಿನಿಂದ ಒಂದು ಪುಸ್ತಕದಲ್ಲಿ ಬರೆಸಿಡಲಿ. ಯುಗಾದಿಯ ನಂತರದ ಸಾಮಾನ್ಯ ಸಭೆಗೆ ಆ ಪುಸ್ತಕಗಳನ್ನು ತರಬೇಕೆಂದು ಕೋರುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ