ಒಂದೇ ಗಣಕಯಂತ್ರದಲ್ಲಿ ಕಡಿತಗೊಳ್ಳುವ ಅಂತರಜಾಲ: ದೋಷ ಪತ್ತೆಯ ಕ್ರಮ

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಸಣ್ಣ ವರ್ತಕರ ಲೆಕ್ಕಪತ್ರದ ಕೆಲಸವು ಅಂತರಜಾಲವನ್ನೇ ಅವಲಂಬಿಸಿದೆ. ಕೆಳಗೆ ಅಂಗಡಿ, ಮೇಲೆ ವಾಸದ ಮನೆ ಇರುವ ಹಲವರು ರಾತ್ರಿ ಅಂಗಡಿ ಮುಚ್ಚಿದ ಬಳಿಕ ಮನೆಯ ಗಣಕಯಂತ್ರದಲ್ಲಿಯೇ ರಿಟರ್ನ್ ಸಲ್ಲಿಸುತ್ತಾರೆ. ಅಂತಹ ಮನೆಗಳಿಂದ ಕೇಳಿಬರುವ ದೂರೊಂದಿದೆ: ಮೊಬೈಲ್‌ಗಳಲ್ಲಿ ಅಂತರಜಾಲ ಸರಾಗವಾಗಿರುತ್ತದೆ, ಲೆಕ್ಕದ ಗಣಕಯಂತ್ರದಲ್ಲಿ ಮಾತ್ರ ಸಂಪರ್ಕ ಆಗಾಗ್ಗೆ ಕಡಿದು, ತಾನಾಗಿ ಮರಳುತ್ತದೆ. ಸೇವಾ ಸಂಸ್ಥೆಯ ತಂತ್ರಜ್ಞರು ಬಂದು, ತಮ್ಮ ಮೊಬೈಲಿನಲ್ಲಿ ಪರೀಕ್ಷಿಸಿ, ಲೈನ್ ಸರಿಯಿದೆ ಎಂದು ಹೇಳಿ ಹೋಗುತ್ತಾರೆ. ಅವರ ಮಾತೂ ನಿಜ, ವರ್ತಕರ ದೂರೂ ನಿಜ.

ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಮಾಸಿಕ ರಿಟರ್ನ್ ಸಲ್ಲಿಸುವವರು ಜಿಎಸ್‌ಟಿಆರ್-1 ನಮೂನೆಯನ್ನು ಮರುತಿಂಗಳ 11ರೊಳಗೆ ಸಲ್ಲಿಸದಿದ್ದರೆ, ಆ ಬಿಲ್ಲುಗಳು ಖರೀದಿದಾರರ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುವುದಿಲ್ಲ. ಅವರ ಇನ್‌ಪುಟ್ ತೆರಿಗೆ ಜಮೆ ಮುಂದಕ್ಕೆ ಹೋಗುತ್ತದೆ. ಜಿಎಸ್‌ಟಿಆರ್-3ಬಿ ಸಲ್ಲಿಕೆಯು 20ನೆಯ ದಿನಾಂಕ ದಾಟಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ ಹಾಗೂ ನಗದಾಗಿ ಪಾವತಿಸಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ತಗಲುತ್ತದೆ.

ದೋಷವಿರುವ ಸ್ಥಳ ಯಾವುದು?

ತಾಳೆಪಟ್ಟಿಯಲ್ಲಿ ವ್ಯತ್ಯಾಸ ಕಂಡಾಗ ನಾವು ಎಲ್ಲ ಖಾತೆಗಳನ್ನೂ ತಿದ್ದಲು ಹೊರಡುವುದಿಲ್ಲ. ಸರಿಯಿರುವ ಪುಟಗಳನ್ನು ಬದಿಗಿರಿಸುತ್ತಾ ವ್ಯತ್ಯಾಸವಿರುವ ಪುಟವನ್ನು ತಲುಪುತ್ತೇವೆ. ಇಲ್ಲಿಯೂ ಅದೇ ಕ್ರಮ ಅನುಸರಣೀಯ. ಮೊದಲಿಗೆ ಮೊಬೈಲ್‌ಗಳಲ್ಲಿ ಮೊಬೈಲ್ ಡೇಟಾ ಸ್ಥಗಿತಗೊಳಿಸಿ ನೋಡಬೇಕು. ವೈಫೈ ಕೈಕೊಟ್ಟಾಗ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಬದಲಾಗುವುದರಿಂದ, ಇಡೀ ಮನೆಯ ದೋಷವು ಒಂದೇ ಯಂತ್ರದ ದೋಷದಂತೆ ತೋರಬಹುದು.

ಅನಂತರ ವಿಂಡೋಸ್ ಗಣಕಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಐಪಿಕಾನ್‌ಫಿಗ್’ ಎಂದು ಟೈಪ್ ಮಾಡಿದರೆ ‘ಡೀಫಾಲ್ಟ್ ಗೇಟ್‌ವೇ’ ಎಂಬುದರ ಮುಂದೆ ರೌಟರ್‌ನ ವಿಳಾಸ ಕಾಣುತ್ತದೆ. ಹಲವು ಮನೆಗಳಲ್ಲಿ ಅದು 192.168.1.1 ಆಗಿರುತ್ತದೆ. ಈಗ ಎರಡು ಕಿಟಕಿಗಳನ್ನು ತೆರೆದು, ಒಂದರಲ್ಲಿ ಈ ವಿಳಾಸಕ್ಕೂ ಇನ್ನೊಂದರಲ್ಲಿ 8.8.8.8 ವಿಳಾಸಕ್ಕೂ ‘ಪಿಂಗ್’ ಆದೇಶ ನೀಡಬೇಕು. ಎರಡನೆಯದು ಗೂಗಲ್ ಸಂಸ್ಥೆ 2009ರಿಂದ ನಡೆಸುತ್ತಿರುವ ಸಾರ್ವಜನಿಕ ಸೇವೆಯ ವಿಳಾಸ. ವಿಳಾಸದ ನಂತರ ಒಂದು ಸ್ಥಳ ಬಿಟ್ಟು, ಅಡ್ಡಗೆರೆಯೊಡನೆ ‘ಟಿ’ ಅಕ್ಷರ ಸೇರಿಸಿದರೆ ಪರೀಕ್ಷೆ ನಿರಂತರವಾಗಿ ನಡೆಯುತ್ತದೆ.

ಸಂಪರ್ಕ ಕಡಿದ ಕ್ಷಣದಲ್ಲಿ ಎರಡೂ ಕಿಟಕಿಗಳಲ್ಲಿ ಉತ್ತರ ನಿಂತರೆ, ದೋಷವು ಗಣಕಯಂತ್ರ ಮತ್ತು ರೌಟರ್‌ಗಳ ನಡುವೆ ಇದೆ. ರೌಟರ್ ಉತ್ತರಿಸುತ್ತಿದ್ದು 8.8.8.8 ಮಾತ್ರ ನಿಂತರೆ, ರೌಟರ್‌ನಿಂದಾಚೆಗಿನ ಲೈನನ್ನು ಶಂಕಿಸಬೇಕು. ಆಗ ಮನೆಯ ಇತರ ಸಾಧನಗಳಲ್ಲೂ ಸಂಪರ್ಕ ಕಡಿಯುತ್ತದೆ. ಎರಡೂ ಉತ್ತರಿಸುತ್ತಿದ್ದು ಪುಟಗಳು ಮಾತ್ರ ತೆರೆಯದಿದ್ದರೆ, ಜಾಲತಾಣದ ಹೆಸರನ್ನು ಸಂಖ್ಯಾ ವಿಳಾಸವಾಗಿಸುವ ಡಿಎನ್‌ಎಸ್ ವ್ಯವಸ್ಥೆ, ಬ್ರೌಸರ್, ಇಲ್ಲವೇ ವೈರಸ್ ನಿರೋಧಕ ತಂತ್ರಾಂಶವನ್ನು ಪರಿಶೀಲಿಸಬೇಕು. ಹಳೆಯ ಯಂತ್ರಗಳಲ್ಲಿ ಸಿಆರ್2032 ಎಂಬ ಪುಟ್ಟ ಬ್ಯಾಟರಿ ಕ್ಷೀಣಿಸಿ ದಿನಾಂಕ ತಪ್ಪಿದರೂ ಬ್ಯಾಂಕ್ ಮತ್ತು ತೆರಿಗೆಯ ಸುರಕ್ಷಿತ ತಾಣಗಳು ತೆರೆಯುವುದಿಲ್ಲ.

ಸಾಮಾನ್ಯ ಕಾರಣಗಳು

ಎರಡೂ ಕಿಟಕಿಗಳು ನಿಂತಿದ್ದಲ್ಲಿ, ಗಣಕಯಂತ್ರವನ್ನು ಕೇಬಲ್ ಮೂಲಕ ನೇರವಾಗಿ ರೌಟರ್‌ಗೆ ಜೋಡಿಸಿ ಒಂದು ದಿನ ಕೆಲಸ ಮಾಡಿ ನೋಡಬೇಕು. ದೋಷ ಕಾಣದಿದ್ದರೆ ವೈಫೈ ಭಾಗವೇ ಕಾರಣ. 2.4 ಗಿಗಾಹರ್ಟ್ಸ್ ತರಂಗವು ಗೋಡೆ ದಾಟುವುದರಲ್ಲಿ ಮೇಲಾದರೂ ನೆರೆಮನೆಯ ರೌಟರ್‌ಗಳು, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ ಅದೇ ತರಂಗವ್ಯಾಪ್ತಿಯನ್ನು ಬಳಸುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ದಟ್ಟಣೆ ಕಡಿಮೆ, ಆದರೆ ದಪ್ಪ ಗೋಡೆಗಳಾಚೆ ಅದು ಬೇಗ ಕುಗ್ಗುತ್ತದೆ. ಯುಎಸ್‌ಬಿ 3.0 ಹಾರ್ಡ್ ಡಿಸ್ಕನ್ನು ವೈಫೈ ಡಾಂಗಲ್‌ನ ಪಕ್ಕದಲ್ಲಿಯೇ ಜೋಡಿಸಿದರೂ 2.4 ಗಿಗಾಹರ್ಟ್ಸ್ ಸಂಪರ್ಕಕ್ಕೆ ಅಡಚಣೆಯಾಗುತ್ತದೆ. ಇಂಟೆಲ್ ಸಂಸ್ಥೆ ಇದನ್ನು 2012ರಲ್ಲಿಯೇ ವಿವರಿಸಿದೆ.

ಕೇಬಲ್‌ನಲ್ಲಿಯೂ ಕಡಿತ ಮುಂದುವರಿದರೆ ಬೇರೆ ಕೇಬಲ್, ಬಳಿಕ ರೌಟರ್‌ನ ಬೇರೆ ಪೋರ್ಟ್ ಬಳಸಿ ನೋಡಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ವಿಭಾಗವಿದ್ದರೆ, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯನ್ನು ತೆಗೆಯಬೇಕು. ತಂತ್ರಾಂಶ ನವೀಕರಣವಾದ ದಿನದಿಂದ ತೊಂದರೆ ಆರಂಭವಾಗಿದ್ದರೆ ಅಡಾಪ್ಟರ್‌ನ ಹಿಂದಿನ ಡ್ರೈವರ್‌ಗೆ ಮರಳುವುದು ಸೂಕ್ತ.

ವಿಳಾಸಗಳ ಘರ್ಷಣೆ ಇನ್ನೊಂದು ಕಾರಣ. ಹಿಂದೆಂದೋ ಪ್ರಿಂಟರ್‌ಗಾಗಿ ಗಣಕಯಂತ್ರಕ್ಕೆ 192.168.1.5 ಎಂಬ ಸ್ಥಿರ ವಿಳಾಸ ನೀಡಿದ್ದರೆನ್ನೋಣ. ಅದನ್ನರಿಯದ ರೌಟರ್ ಅದೇ ವಿಳಾಸವನ್ನು ಮಗನ ಮೊಬೈಲಿಗೆ ಕೊಟ್ಟರೆ, ಮಗ ಮನೆಗೆ ಬಂದಾಗಲೆಲ್ಲ ತಂದೆಯ ಗಣಕಯಂತ್ರ ತಡವರಿಸುತ್ತದೆ. ಆತ ಹೊರಗೆ ಹೋದರೆ ಎಲ್ಲವೂ ಸರಿ. ವಿಳಾಸವನ್ನು ರೌಟರ್‌ನಿಂದ ತಾನಾಗಿ ಪಡೆಯುವಂತೆ ಬದಲಿಸಿದರೆ ತೊಂದರೆ ನಿವಾರಣೆಯಾಗುತ್ತದೆ. ಗಣಕಯಂತ್ರದ ವಿಳಾಸ 169.254 ಎಂದು ಆರಂಭವಾದರೆ, ರೌಟರ್‌ನಿಂದ ಅದಕ್ಕೆ ವಿಳಾಸವೇ ದೊರೆತಿಲ್ಲವೆಂದು ಅರ್ಥ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ದಿನಾಂಕ ಮತ್ತು ವೇಳೆಯೊಡನೆ ಪುಸ್ತಕದಲ್ಲಿ ಬರೆದಿಡುವುದು ಅವಶ್ಯ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಕಾರಣ ತಿಳಿಯದು. ಲೈನಿನಲ್ಲಿಯೇ ದೋಷವಿದ್ದರೆ, ಕಡಿತದ ವೇಳೆಗಳ ಈ ಪಟ್ಟಿಯೇ ಸೇವಾ ಸಂಸ್ಥೆಗೆ ನೀಡುವ ದೂರಿನ ಆಧಾರವಾಗುತ್ತದೆ.

ಪಾವತಿಯ ನಡುವೆ ಕಡಿದರೆ

ಕೊನೆಯ ದಿನ ದುರಸ್ತಿಗೆ ತೊಡಗದೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಡೇಟಾದಿಂದ ಕೆಲಸ ಮುಗಿಸುವುದು ಲೇಸು. ಚಲನ್ ಪಾವತಿಯ ನಡುವೆ ಸಂಪರ್ಕ ಕಡಿದರೆ ಕೂಡಲೇ ಮತ್ತೊಮ್ಮೆ ಪಾವತಿಸಬಾರದು. ಬ್ಯಾಂಕ್ ಖಾತೆಯನ್ನೂ ಪೋರ್ಟಲ್‌ನ ಎಲೆಕ್ಟ್ರಾನಿಕ್ ನಗದು ಲೆಡ್ಜರನ್ನೂ ಮೊದಲು ನೋಡಬೇಕು. ಖಾತೆಗೆ ಖರ್ಚು ಬಿದ್ದು ಲೆಡ್ಜರಿಗೆ ಜಮೆಯಾಗದಿದ್ದಲ್ಲಿ ಜಿಎಸ್‌ಟಿ ಪಿಎಂಟಿ-07 ನಮೂನೆಯಲ್ಲಿ ಮನವಿ ಸಲ್ಲಿಸಲು ಅವಕಾಶವಿದೆ. ಒಟಿಪಿ ನೀಡಿದ ಮೇಲೆ ಸಂಪರ್ಕ ಕಡಿದರೆ, ರಿಟರ್ನ್‌ನ ಸ್ಥಿತಿ ‘ಫೈಲ್ಡ್’ ಎಂದಿದೆಯೇ, ಸ್ವೀಕೃತಿ ಸಂಖ್ಯೆ ಬಂದಿದೆಯೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಮೇಲಿನ ಪರೀಕ್ಷೆಗಳನ್ನು ಸದಸ್ಯರು ತಿಂಗಳ ಮೊದಲ ವಾರದಲ್ಲಿಯೇ, ಗಡುವಿನ ಒತ್ತಡವಿಲ್ಲದ ಒಂದು ಸಂಜೆ ಮಾಡಿ ಮುಗಿಸುವುದು ಉಚಿತ.