ಯೆಹೂದ್ಯ ಧರ್ಮಶಾಸ್ತ್ರದಲ್ಲಿ ಅಲ್ಪಮತ ಮತ್ತು ಆಚಾರ

ನಿರ್ಣಯಗ್ರಂಥವೊಂದು ತಾನು ಒಪ್ಪದ ಮತವನ್ನು ಏಕೆ ಕಾಪಾಡಿಕೊಳ್ಳಬೇಕು? ಯೆಹೂದ್ಯರ ಧರ್ಮಶಾಸ್ತ್ರವನ್ನು ಓದತೊಡಗಿದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ಬಹುಮತದಂತೆ ನಡೆಯಬೇಕೆಂಬ ನಿಯಮಕ್ಕೆ ರಬ್ಬಿಗಳು ವಿಮೋಚನಕಾಂಡದ 23ನೆಯ ಅಧ್ಯಾಯದಲ್ಲಿ ಆಧಾರವನ್ನು ಕಂಡರು. ಆದರೂ ಕ್ರಿ.ಶ. ಸುಮಾರು 200ರಲ್ಲಿ ಯೆಹೂದಾ ಹನಾಸಿ ಸಂಕಲಿಸಿದ ಮಿಷ್ನಾದಲ್ಲಿ ಬಹುಮತದ ಪಕ್ಕದಲ್ಲಿಯೇ ಏಕಾಕಿಯಾದ ವಿದ್ವಾಂಸನ ಭಿನ್ನಮತವೂ ಅವನ ಹೆಸರಿನೊಡನೆ ಉಳಿದಿದೆ.

ಇದಕ್ಕೆ ಮಿಷ್ನಾದ ಎದುಯೋತ್ ಪ್ರಕರಣವೇ ಎರಡು ಕಾರಣಗಳನ್ನು ಕೊಡುತ್ತದೆ. ಮುಂದಿನ ನ್ಯಾಯಸಭೆಗೆ ಆ ಮತವೇ ಯುಕ್ತವೆಂದು ಕಂಡರೆ ಅವಲಂಬಿಸಲು ಆಧಾರವಿರಲಿ ಎಂಬುದು ಒಂದು. ತಾನು ಪರಂಪರೆಯಿಂದ ಹೀಗೆ ಕೇಳಿದ್ದೇನೆಂದು ಯಾರಾದರೂ ವಾದಿಸಿದರೆ, ಅದು ಹಿಂದೆಯೇ ವಿಚಾರಿಸಿ ಕೈಬಿಟ್ಟ ಮತವೆಂದು ತೋರಿಸಲು ಅನುಕೂಲವೆಂಬುದು ರಬ್ಬಿ ಯೆಹೂದನು ಹೇಳುವ ಇನ್ನೊಂದು. ಮೊದಲನೆಯದು ಬಾಗಿಲನ್ನು ತೆರೆದಿಡುತ್ತದೆ, ಎರಡನೆಯದು ಮುಚ್ಚುತ್ತದೆ.

ಈ ಬಾಗಿಲಿನ ಬೆಲೆ ಯೆವಾಮೋತ್ ಪ್ರಕರಣದ ಕೊನೆಯಲ್ಲಿ ನಮಗೆ ತಿಳಿಯುತ್ತದೆ. ಪರದೇಶದಲ್ಲಿ ಗಂಡನು ಸತ್ತನೆಂದು ಒಬ್ಬನೇ ಸಾಕ್ಷಿ ನುಡಿದರೆ ಹೆಂಡತಿಯು ಪುನರ್ವಿವಾಹವಾಗಬಹುದೆ? ಪಾಲೆಸ್ತೀನದಲ್ಲಿ ಯೆಹೂದಾ ಬೆನ್ ಬಾಬಾ ಒಬ್ಬನೇ ಆಗಬಹುದೆಂದು ಹೇಳುತ್ತಿದ್ದನು. ಬಾಬಿಲೋನಿಯದ ನೆಹರ್ದೆಯಾಕ್ಕೆ ಹೋಗಿದ್ದ ರಬ್ಬಿ ಅಕೀವಾನಿಗೆ ನೆಹೆಮ್ಯನೆಂಬವನು, ಹಿರಿಯ ಗಮಲಿಯೇಲನಿಂದ ತನಗೂ ಅದೇ ಸಂಪ್ರದಾಯ ಬಂದಿದೆಯೆಂದು ತಿಳಿಸಿದನು. ಇದನ್ನು ಕೇಳಿದ ಆ ಗಮಲಿಯೇಲನ ಮೊಮ್ಮಗನು, ಬೆನ್ ಬಾಬಾನಿಗೆ ಜೊತೆಗಾರನು ದೊರೆತನೆಂದು ಹರ್ಷಿಸಿದನು. ಅನುಮತಿ ನೀಡುವುದೇ ಕ್ರಮೇಣ ರೂಢಿಯಾಯಿತು. ಆ ಅಲ್ಪಮತವು ಅಳಿದುಹೋಗಿದ್ದರೆ ಎಷ್ಟೋ ಸ್ತ್ರೀಯರು ಸತ್ತ ಗಂಡನಿಗೆ ಜೀವಾವಧಿ ಕಟ್ಟುಬಿದ್ದಿರುತ್ತಿದ್ದರು.

ಆಚಾರದ ಬಲ ಬೇರೊಂದು ಬಗೆಯದು. ನಿರ್ಣಯವು ಸಂದಿಗ್ಧವಾದಾಗ, ಜನರು ಹೇಗೆ ನಡೆಯುತ್ತಾರೆಂದು ಹೋಗಿ ನೋಡಬೇಕೆನ್ನುತ್ತದೆ ತಾಲ್ಮೂದ್. 1565ರಲ್ಲಿ ವೆನಿಸಿನಲ್ಲಿ ಮುದ್ರಿತವಾದ ಶುಲ್ಹಾನ್ ಅರೂಖ್ ಗ್ರಂಥದ ಕರ್ತೃ ಯೋಸೇಫ್ ಕಾರೋ, ಸಾಮಾನ್ಯವಾಗಿ ಅಲ್ಫಾಸಿ, ಮೈಮೋನಿಡೀಸ್, ಆಶೇರ್ ಬೆನ್ ಯೆಹಿಯೇಲ್ ಈ ಮೂವರಲ್ಲಿ ಇಬ್ಬರು ಒಪ್ಪಿದುದನ್ನು ಅಂಗೀಕರಿಸಿದನು. ಕ್ರಾಕೋವಿನ ಮೋಸೆಸ್ ಇಸ್ಸರ್ಲಿಸ್ ಅದಕ್ಕೆ ಟಿಪ್ಪಣಿ ಬರೆದು, ತನ್ನ ನಾಡಿನ ಅಶ್ಕೆನಾಜಿಗಳ ಆಚಾರವನ್ನು ಸೇರಿಸಿದನು.

ಪಸ್ಕ ಹಬ್ಬದಲ್ಲಿ ಅಕ್ಕಿಯನ್ನು ತಿನ್ನುವ ವಿಷಯವನ್ನೇ ನೋಡೋಣ. ಅಕ್ಕಿಯೂ ಗೋಧಿಯಂತೆ ಹುಳಿಯೇರುವ ಧಾನ್ಯವೆಂಬ ಯೋಹಾನಾನ್ ಬೆನ್ ನೂರಿಯ ಮತವನ್ನು ತಾಲ್ಮೂದ್ ಒಪ್ಪಲಿಲ್ಲ. ಕಾರೋ ಸಹ ಅಕ್ಕಿಗೆ ಅನುಮತಿಯಿತ್ತನು. ಆದರೆ ಅಶ್ಕೆನಾಜಿಗಳು, ನಿಷಿದ್ಧ ಧಾನ್ಯದ ಕಾಳು ಬೆರೆತೀತೆಂಬುದೇ ಮೊದಲಾದ ಅಂಜಿಕೆಗಳಿಂದ, ಅಕ್ಕಿಬೇಳೆಗಳನ್ನು ಬಿಟ್ಟರು. ಇಸ್ಸರ್ಲಿಸ್ ಆ ಆಚಾರವನ್ನು ಎತ್ತಿಹಿಡಿದನು. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿಯು 2015ರಲ್ಲಿ ಅದನ್ನು ಸಡಿಲಿಸಿದರೂ, ಸಂಪ್ರದಾಯನಿಷ್ಠ ಅಶ್ಕೆನಾಜಿಗಳು ಇಂದಿಗೂ ಸಾಮಾನ್ಯವಾಗಿ ಅದನ್ನು ಪಾಲಿಸುತ್ತಾರೆ.

ಹಾಗೆಂದು ಅಲ್ಪಮತವು ಬೇಕಾದವರು ಬೇಕಾದಾಗ ಎತ್ತಿಕೊಳ್ಳುವ ವಸ್ತುವಲ್ಲ; ಸಂಕಟಕಾಲದಲ್ಲಿ ಮಾತ್ರ ಅದನ್ನು ಆಶ್ರಯಿಸಬಹುದೆಂಬುದು ಹಲವು ನಿರ್ಣಯಕಾರರ ನಿಲುವು. ಆಚಾರವೂ ಪ್ರಶ್ನಾತೀತವಲ್ಲ; ತಪ್ಪು ತಿಳಿವಳಿಕೆಯಿಂದ ಹುಟ್ಟಿದ ಆಚಾರಕ್ಕೆ ಪ್ರಾಮಾಣ್ಯವಿಲ್ಲವೆಂದವರೂ ಉಂಟು. ಬಹುಮತವು ಅಂದಿನ ವ್ಯಾಜ್ಯವನ್ನು ತೀರಿಸುತ್ತದೆ, ಆಚಾರವು ಸಮುದಾಯವನ್ನು ಒಗ್ಗೂಡಿಸುತ್ತದೆ, ಉಳಿದುಬಂದ ಅಲ್ಪಮತವು ಮುಂದಿನವರಿಗೆ ಮರುವಿಚಾರದ ಅವಕಾಶವನ್ನು ಕೊಡುತ್ತದೆ. ಈ ಮೂರನ್ನೂ ಒಟ್ಟಿಗೆ ತೂಗಿದುದರಿಂದಲೇ, ರಾಜ್ಯವಿಲ್ಲದ ಜನಾಂಗವೊಂದರ ಶಾಸ್ತ್ರವು ಶತಮಾನಗಳ ಕಾಲ ಜೀವಂತವಾಗಿ ಉಳಿಯಿತೆಂದು ನಾವು ಭಾವಿಸುತ್ತೇವೆ.